ಶಲಾಕೆ ಹಂಚುವವನ ಕೈ

ಬೌದ್ಧರ ವಿನಯಪಿಟಕದ ಚುಲ್ಲವಗ್ಗದಲ್ಲಿ ಒಂದು ನಿಯಮವಿದೆ. ಅದನ್ನು ಓದಿದಾಗಲೆಲ್ಲ ನನಗೆ ಸ್ವಲ್ಪ ಸಿಟ್ಟು ಬರುತ್ತದೆ, ಸ್ವಲ್ಪ ನಗುವೂ ಬರುತ್ತದೆ. ಭಿಕ್ಷುಗಳ ನಡುವೆ ಧರ್ಮ ಯಾವುದು, ಅಧರ್ಮ ಯಾವುದು ಎಂಬ ವಿವಾದ ಎದ್ದಿದೆ. ಎದುರಾಬದುರು ಕೂತು ಮಾತಾಡಿ ಆಯಿತು, ಹೆಚ್ಚು ಭಿಕ್ಷುಗಳಿರುವ ಬೇರೊಂದು ವಿಹಾರಕ್ಕೆ ಹೋಗಿ ಕೇಳಿ ಆಯಿತು, ಸಣ್ಣ ಸಮಿತಿಗೆ ಒಪ್ಪಿಸಿಯೂ ಆಯಿತು. ಯಾವುದೂ ಬಗೆಹರಿಯಲಿಲ್ಲ. ಕೊನೆಗೆ ತಲೆ ಎಣಿಸಬೇಕು. ಎಣಿಕೆಗೆ ಬಳಸುವುದು ಶಲಾಕೆ, ಅಂದರೆ ಕಡ್ಡಿ. ಎರಡು ಪಕ್ಷಕ್ಕೆ ಎರಡು ಬಣ್ಣ. ಸಂಘ ನೇಮಿಸಿದ ಒಬ್ಬ ಭಿಕ್ಷು ಒಬ್ಬೊಬ್ಬರ ಬಳಿಯೂ ಹೋಗಿ, ಇದು ಇಂಥ ಅಭಿಪ್ರಾಯದವರ ಕಡ್ಡಿ, ಇದು ಅಂಥವರದ್ದು, ನಿಮಗೆ ಬೇಕಾದ್ದು ತೆಗೆದುಕೊಳ್ಳಿ, ತೆಗೆದುಕೊಂಡದ್ದನ್ನು ಯಾರಿಗೂ ತೋರಿಸಬೇಡಿ ಎಂದು ಹೇಳಬೇಕು. ಇಲ್ಲಿಯವರೆಗೆ ನಮ್ಮ ಎಷ್ಟೋ ಸಂಘಸಂಸ್ಥೆಗಳ ಚುನಾವಣೆಗಿಂತ ಅಚ್ಚುಕಟ್ಟಾಗಿಯೇ ಇದೆ. ಆಮೇಲೆ ಬರುತ್ತದೆ ನಾನು ಹೇಳಿದ ಆ ನಿಯಮ. ಅಧರ್ಮದ ಪಕ್ಷದವರೇ ಹೆಚ್ಚು ಎಂದು ಹಂಚಿದವನಿಗೆ ತಿಳಿದರೆ, ಶಲಾಕೆ ಹಂಚಿದ್ದು ಸರಿಯಾಗಲಿಲ್ಲ ಎಂದು ಅದನ್ನು ತಳ್ಳಿಹಾಕಬೇಕು. ಧರ್ಮದ ಪಕ್ಷದವರು ಹೆಚ್ಚಾಗಿದ್ದರೆ ಸರಿಯಾಗಿ ಹಂಚಿದೆ ಎಂದು ಸಾರಬೇಕು.

ನಾನು ಚಿತ್ರದುರ್ಗದಲ್ಲಿ ತತ್ತ್ವಶಾಸ್ತ್ರ ಪಾಠ ಮಾಡುತ್ತಿದ್ದ ಕಾಲದಲ್ಲಿ ಇದನ್ನು ತರಗತಿಯಲ್ಲಿ ಹೇಳಿದಾಗ ಹಿಂದಿನ ಬೆಂಚಿನಿಂದ ಒಬ್ಬ ಹುಡುಗ, "ಹಂಗಾದ್ರೆ ವೋಟು ಯಾಕೆ ಮೇಡಂ, ಮೊದಲೇ ಹೇಳಿಬಿಡಬಹುದಿತ್ತಲ್ಲ?" ಅಂದ. ಆ ವರ್ಷ ಆ ತರಗತಿಯಲ್ಲಿ ಯಾರಾದರೂ ಕೇಳಿದ ಪ್ರಶ್ನೆಗಳಲ್ಲಿ ಅದೇ ಒಳ್ಳೆಯದು.

ಈ ನಿಯಮ ಬರೆದವರು ಮುಗ್ಧರಾಗಿದ್ದರೆ ನಕ್ಕು ಬಿಡಬಹುದಿತ್ತು. ಅವರು ಮುಗ್ಧರಲ್ಲ. ಶಲಾಕೆ ಹಂಚುವವನಿಗೆ ಐದು ಅರ್ಹತೆ ಇಟ್ಟಿದ್ದಾರೆ: ಮಮಕಾರಕ್ಕೆ ಬೀಳಬಾರದು, ದ್ವೇಷಕ್ಕೆ ಬೀಳಬಾರದು, ಮೋಹಕ್ಕೆ ಬೀಳಬಾರದು, ಭಯಕ್ಕೆ ಬೀಳಬಾರದು, ಮತ್ತು ಯಾರು ತೆಗೆದುಕೊಂಡರು ಯಾರು ತೆಗೆದುಕೊಳ್ಳಲಿಲ್ಲ ಎನ್ನುವುದು ಗೊತ್ತಿರಬೇಕು. ನಾಲ್ಕು ಗುಣದ ಮಾತು, ಐದನೆಯದು ಲೆಕ್ಕದ ಮಾತು. ಹತ್ತು ಸಂದರ್ಭಗಳಲ್ಲಿ ಮತ ಎಣಿಸಿದ್ದು ಅಸಿಂಧು ಎಂದೂ ಪಟ್ಟಿ ಕೊಟ್ಟಿದ್ದಾರೆ. ಕ್ಷುಲ್ಲಕ ವಿಷಯಕ್ಕೆ ಮತ ಹಾಕಿಸಿದರೆ ಅಸಿಂಧು. ಅಧರ್ಮದ ಪಕ್ಷ ಗೆದ್ದೀತು ಎಂಬ ಆಸೆಯಿಂದ ಹಾಕಿಸಿದರೂ ಅಸಿಂಧು, ಸಂಘ ಒಡೆದೀತು ಎಂಬ ಆಸೆಯಿಂದ ಹಾಕಿಸಿದರೂ ಅಸಿಂಧು. ಗುಂಪು ಕಟ್ಟಿಕೊಂಡು ಕಡ್ಡಿ ತೆಗೆದುಕೊಂಡರೂ ಅಷ್ಟೇ. ಪಟ್ಟಿಯ ಕೊನೆಯಲ್ಲಿ ನನ್ನನ್ನು ತಡೆದು ನಿಲ್ಲಿಸುವ ಒಂದು ಅಂಶವಿದೆ: ಭಿಕ್ಷುಗಳು ತಮ್ಮ ತಮ್ಮ ದೃಷ್ಟಿಗೆ ಅನುಗುಣವಾಗಿ ಕಡ್ಡಿ ತೆಗೆದುಕೊಳ್ಳದಿದ್ದರೆ ಆ ಮತವೇ ಅಸಿಂಧು.

ಮನಸ್ಸಿನಲ್ಲಿ ಒಂದು, ಕೈಯಲ್ಲಿ ಇನ್ನೊಂದು ಇದ್ದರೆ ಆಗದು ಎಂದು ನಿಯಮವೇನೋ ಹೇಳುತ್ತದೆ. ಆದರೆ ಗುಟ್ಟಾಗಿ ತೆಗೆದುಕೊಂಡ ಕಡ್ಡಿಗೂ ಮನಸ್ಸಿಗೂ ತಾಳೆ ಇದೆಯೇ ಎಂದು ನೋಡುವವರು ಯಾರು? ಪರೀಕ್ಷಿಸಲಾಗದ ನಿಯಮವೊಂದನ್ನು, ಉಳಿದೆಲ್ಲವನ್ನೂ ಇಷ್ಟು ಬಿಗಿಯಾಗಿ ಬರೆದ ಜನ ಏಕೆ ಸೇರಿಸಿದರು?

ಇದಕ್ಕೆ ಎರಡು ಸಾವಿರ ವರ್ಷದ ನಂತರದ ಒಂದು ಪ್ರಮೇಯ ಪಕ್ಕದಿಂದ ಬೆಳಕು ಚೆಲ್ಲುತ್ತದೆ. 1973ರಲ್ಲಿ ಅಲನ್ ಗಿಬ್ಬಾರ್ಡ್ ಎಂಬ ತತ್ತ್ವಶಾಸ್ತ್ರಜ್ಞ, 1975ರಲ್ಲಿ ಮಾರ್ಕ್ ಸ್ಯಾಟರ್‌ತ್ವೇಟ್ ಎಂಬ ಅರ್ಥಶಾಸ್ತ್ರಜ್ಞ, ಬೇರೆ ಬೇರೆಯಾಗಿ ಒಂದೇ ವಿಷಯವನ್ನು ಸಾಧಿಸಿ ತೋರಿಸಿದರು. ಆಯ್ಕೆಗೆ ಮೂರು ಅಥವಾ ಹೆಚ್ಚು ಸಂಗತಿಗಳಿವೆ, ಪ್ರತಿಯೊಂದಕ್ಕೂ ಗೆಲ್ಲುವ ಸಾಧ್ಯತೆ ಇದೆ, ಚೀಟಿ ಎತ್ತುವ ಅದೃಷ್ಟದಾಟ ಇಲ್ಲ ಎಂದುಕೊಳ್ಳಿ. ಆಗ ನೀವು ಯಾವ ನಿಯಮವನ್ನೇ ಮಾಡಿ, ಒಂದೋ ಅಲ್ಲಿ ಒಬ್ಬನೇ ಒಬ್ಬನ ಮಾತು ನಡೆಯುತ್ತಿರುತ್ತದೆ, ಇಲ್ಲವೇ ಯಾವುದಾದರೊಂದು ಸಂದರ್ಭದಲ್ಲಿ ಯಾರಿಗಾದರೂ ತನ್ನ ಮನಸ್ಸಿಗೆ ವಿರುದ್ಧವಾದ ಮತ ಹಾಕಿದರೆ ಲಾಭವಾಗುತ್ತದೆ. ಜಾಣತನದಿಂದ ಇನ್ನೊಂದು ಪದ್ಧತಿ ಹುಡುಕುತ್ತೇನೆ ಎಂದು ಹೊರಟವರಿಗೆ ಬಾಗಿಲು ಮುಚ್ಚಿದೆ. ನಮ್ಮ ಕಡೆ ಇದನ್ನು ಪ್ರಮೇಯವಿಲ್ಲದೆಯೇ ಎಲ್ಲರೂ ಬಲ್ಲರು: ಒಳ್ಳೆಯವನೇ, ಆದರೆ ಅವನಿಗೆ ಹಾಕಿದರೆ ವೋಟು ವೇಸ್ಟು, ಅದಕ್ಕೇ ಎರಡನೆಯವನಿಗೆ ಒತ್ತಿದೆ, ಮೂರನೆಯವನು ಬರಬಾರದಲ್ಲ.

ಆಯ್ಕೆ ಎರಡೇ ಇದ್ದಾಗ ಮಾತ್ರ ಈ ತೊಡಕಿಲ್ಲ. ಹೌದು ಅಥವಾ ಇಲ್ಲ, ಹೆಚ್ಚು ತಲೆ ಎಲ್ಲಿದೆಯೋ ಅದು. ಸುಳ್ಳು ಹೇಳಿದರೆ ನಷ್ಟ ನಿಮಗೇ. ಭಿಕ್ಷುಗಳ ಕಡ್ಡಿಗೆ ಎರಡೇ ಬಣ್ಣ. ಅಂದರೆ ಕಡ್ಡಿ ತೆಗೆದುಕೊಳ್ಳುವ ಭಿಕ್ಷುವಿಗೆ ಲೆಕ್ಕಾಚಾರದ ಕಾರಣವೇ ಇಲ್ಲ. ಅವನು ತನ್ನ ದೃಷ್ಟಿ ಬಿಟ್ಟು ಬೇರೆ ಕಡ್ಡಿ ಎತ್ತಿದರೆ ಕಾರಣ ಗುರುವಿನ ಮುಲಾಜು, ಪಕ್ಕದವನ ಭಯ, ಗುಂಪಿನ ಸೆಳೆತ. ಈ ಮೂರಕ್ಕೂ ಗುಟ್ಟು ಮದ್ದು. ಹೀಗೆ ಮತದಾರನ ಕೈಯಿಂದ ಕುತಂತ್ರದ ಅವಕಾಶವನ್ನು ಕಿತ್ತುಕೊಂಡ ಮೇಲೆ ಅದು ಇಡಿಯಾಗಿ ಹೋಗಿ ಸೇರಿದ್ದು ಹಂಚುವವನ ಕೈಗೆ. ಫಲಿತಾಂಶ ಹಿಡಿಸದಿದ್ದರೆ ಅವನು ರದ್ದು ಮಾಡಬಹುದು. ಮಾಡಬಹುದೇನು, ಮಾಡಲೇಬೇಕು.

ಹಂಚುವುದಕ್ಕೆ ಮೂರು ವಿಧಾನಗಳಿದ್ದವು: ಗುಟ್ಟಾಗಿ, ಕಿವಿಯಲ್ಲಿ ಪಿಸುಗುಟ್ಟಿ, ಎಲ್ಲರೆದುರು ಬಹಿರಂಗವಾಗಿ. ಯಾವಾಗ ಯಾವುದು ಎಂದು ನಂತರದ ಅಟ್ಠಕಥೆ, ಅಂದರೆ ವ್ಯಾಖ್ಯಾನ, ಹೇಳುತ್ತದೆ. ನಾಚಿಕೆಗೆಟ್ಟವರು ಹೆಚ್ಚಿದ್ದರೆ ಗುಟ್ಟು, ತಿಳಿಗೇಡಿಗಳು ಹೆಚ್ಚಿದ್ದರೆ ಪಿಸುಮಾತು, ಲಜ್ಜೆಯುಳ್ಳವರು ಹೆಚ್ಚಿದ್ದರೆ ಬಹಿರಂಗ. ನಮ್ಮ ಸಂಸತ್ತು 2003ರಲ್ಲಿ ಮಾಡಿದ್ದು ಸರಿಯಾಗಿ ಇದರ ತಿರುಗುಮುರುಗು. ರಾಜ್ಯಸಭೆಯ ಚುನಾವಣೆಯಲ್ಲಿ ಶಾಸಕರು ಮತ ಮಾರಿಕೊಳ್ಳುತ್ತಾರೆ ಎಂಬ ದೂರು ಬಲವಾದಾಗ ಗುಪ್ತ ಮತದಾನವನ್ನು ಕೈಬಿಟ್ಟು ಬಹಿರಂಗ ಮಾಡಿದರು. ಸುಪ್ರೀಂ ಕೋರ್ಟು 2006ರಲ್ಲಿ ಅದನ್ನು ಎತ್ತಿಹಿಡಿಯಿತು. ಈಗ ಪಕ್ಷದ ಶಾಸಕ ಗುರುತು ಹಾಕಿದ ಮತಪತ್ರವನ್ನು ತನ್ನ ಪಕ್ಷದ ಏಜೆಂಟನಿಗೆ ತೋರಿಸಿಯೇ ಪೆಟ್ಟಿಗೆಗೆ ಹಾಕಬೇಕು, ಬೇರೆಯವರಿಗೆ ತೋರಿಸಿದರೆ ಅಸಿಂಧು. ವಿಧಾನಸೌಧದಲ್ಲಿ ಪ್ರತಿ ಸಲ ಈ ಚುನಾವಣೆ ನಡೆದಾಗ ಯಾರು ಯಾರಿಗೆ ಎಷ್ಟು ಓರೆಯಾಗಿ ತೋರಿಸಿದರು ಎಂಬುದೇ ಸುದ್ದಿ. ನಾಚಿಕೆಗೆಟ್ಟವರಿಗೆ ಗುಟ್ಟು ಎಂದ ಭಿಕ್ಷುಗಳೂ ನಾಚಿಕೆಗೆಟ್ಟವರಿಗೆ ಬಯಲು ಎಂದ ಸಂಸದರೂ ಮೋಸವನ್ನು ತಡೆಯಬೇಕು ಎಂದೇ ಹೊರಟವರು. ಮತವನ್ನು ಕೊಳ್ಳುವವನಿಂದ ಕಾಪಾಡಬೇಕಾದರೆ ಒಂದು ನಿಯಮ, ಹೆದರಿಸುವವನಿಂದ ಕಾಪಾಡಬೇಕಾದರೆ ಇನ್ನೊಂದು. ಒಂದಕ್ಕೆ ಹಾಕಿದ ಬೀಗ ಇನ್ನೊಂದಕ್ಕೆ ಕೀಲಿಯಾಗುತ್ತದೆ. ಶಾಸಕನ ಆತ್ಮಸಾಕ್ಷಿ ಯಾವ ಏಜೆಂಟನಿಗೆ ತೋರಿಸುವಂಥದ್ದು ಎಂದು ಮಾತ್ರ ಯಾರೂ ಕೇಳಲಿಲ್ಲ.

ಆದರೆ ಮೋಸ, ಕುತಂತ್ರ ಎಂಬ ಮಾತುಗಳನ್ನು ಇಷ್ಟು ಸಲೀಸಾಗಿ ಬಳಸುವುದು ನನಗೆ ಸರಿಬರುವುದಿಲ್ಲ. ಕಾಲೇಜುಗಳ ಚರ್ಚಾಸ್ಪರ್ಧೆಗೆ ತೀರ್ಪುಗಾರಳಾಗಿ ಕೂತು ಕೂತು ಬಂದ ತಿಳಿವಳಿಕೆ ಇದು. ಒಮ್ಮೆ ಮೂವರು ತೀರ್ಪುಗಾರರು, ತಲಾ 50 ಅಂಕ. ಕೊನೆಗೆ ಉಳಿದವರು ಒಬ್ಬ ಹುಡುಗಿ, ಒಬ್ಬ ಹುಡುಗ. ನಾನು ಹುಡುಗಿಗೆ 38, ಹುಡುಗನಿಗೆ 41 ಕೊಟ್ಟಿದ್ದೆ. ಎರಡನೆಯವರು 36, 42. ಮೂರನೆಯವರು ಹುಡುಗಿಗೆ 48, ಹುಡುಗನಿಗೆ 20. ಮೊತ್ತ ಹುಡುಗಿಗೆ 122, ಹುಡುಗನಿಗೆ 103. ಒಬ್ಬರ ಮಾತು ಇಬ್ಬರ ಮಾತನ್ನು ನುಂಗಿತು. ಹುಡುಗಿ ಅವರ ಊರಿನವಳೂ ಅಲ್ಲ, ಜಾತಿಯವಳೂ ಅಲ್ಲ; ಇಂಥ ಕಡೆ ಮೊದಲು ನೋಡುವುದೇ ಅದನ್ನು, ಅದಕ್ಕೇ ಹೇಳಿದೆ. ಆಮೇಲೆ ಕಾಫಿ ಕುಡಿಯುವಾಗ ಕೇಳಿದೆ. "ಮೇಡಂ, ನಂಗೆ ಒಂಚೂರೂ ಡೌಟಿರಲಿಲ್ಲ. ಆ ಹುಡುಗ ಬಾಯಿಪಾಠ ಒಪ್ಪಿಸ್ದ, ಈ ಹುಡುಗಿ ಯೋಚ್ನೆ ಮಾಡಿ ಮಾತಾಡಿದ್ಲು. ನಿಮ್ಮಿಬ್ರಿಗೂ ಅದು ಕಾಣ್ಲಿಲ್ಲ. ನಾನು 44, 35 ಅಂತ ಮರ್ಯಾದೆಗೆ ಹಾಕಿದ್ರೆ ನ್ಯಾಯ ಆಗ್ತಿತ್ತಾ?" ಅಂದರು.

ಅವರು ಸುಳ್ಳು ಹೇಳಿದರು ಎಂಬುದರಲ್ಲಿ ನನಗೆ ಅನುಮಾನವಿಲ್ಲ. ಅಂಕ ಎನ್ನುವುದು ಹೇಳಿಕೆ, ಈ ಭಾಷಣದ ಬೆಲೆ ಇಷ್ಟು ಎಂಬ ಸಾಕ್ಷ್ಯ. ಆ ಹುಡುಗನ ಭಾಷಣ 20ಕ್ಕೆ ಇಳಿಯುವಂಥದ್ದಲ್ಲ ಎಂದು ಅವರಿಗೇ ಗೊತ್ತಿತ್ತು. ಚುನಾವಣೆಯಲ್ಲಿ ಎರಡನೆಯವನಿಗೆ ಒತ್ತುವವನ ಕಥೆ ಬೇರೆ. ಅವನು ಯಾರು ಶ್ರೇಷ್ಠ ಎಂದು ಸಾಕ್ಷಿ ನುಡಿಯುತ್ತಿಲ್ಲ, ಇರುವುದರಲ್ಲಿ ಒಂದು ಕಡೆಗೆ ತಳ್ಳುತ್ತಿದ್ದಾನೆ, ಅಷ್ಟೆ. ಅದನ್ನು ಸುಳ್ಳು ಎನ್ನಲು ನನಗೆ ಮನಸ್ಸಿಲ್ಲ. ಭಿಕ್ಷುವಿನ ಕಡ್ಡಿ ಮೊದಲನೆಯ ಜಾತಿಯದು. ಅವನಿಗೆ ಏನು ಬೇಕು ಎಂದು ಸಂಘ ಕೇಳುತ್ತಿಲ್ಲ, ಏನು ಕಾಣುತ್ತಿದೆ ಎಂದು ಕೇಳುತ್ತಿದೆ. ಪರೀಕ್ಷಿಸಲಾಗದ ಆ ಹತ್ತನೆಯ ಅಂಶ ಪಟ್ಟಿಯಲ್ಲಿ ಇರುವುದು ಇದಕ್ಕೇ ಎಂದು ಈಗ ನನಗೆ ಅನ್ನಿಸುತ್ತದೆ. ಅದು ಕಾವಲಿಗೆ ಇಟ್ಟ ನಿಯಮವಲ್ಲ, ಕೇಳುತ್ತಿರುವ ಪ್ರಶ್ನೆ ಯಾವುದು ಎಂದು ಭಿಕ್ಷುವಿಗೆ ತಿಳಿಸುವ ನಿಯಮ.

ಸುಳ್ಳು ಹೇಳಿದರು, ಸರಿ. ಆದರೆ ಸ್ವಾರ್ಥಕ್ಕೆ ಹೇಳಲಿಲ್ಲ. ಹೇಳಿಸಿದ್ದು ಅವರ ಖಚಿತತೆ. ಮತಪದ್ಧತಿಗಳ ಬಗ್ಗೆ ಬರೆಯುವವರು ಚತುರ ಸ್ವಾರ್ಥಿಯೊಬ್ಬನನ್ನು ಮನಸ್ಸಿನಲ್ಲಿಟ್ಟುಕೊಂಡೇ ಬರೆಯುತ್ತಾರೆ. ಹದಿನೆಂಟನೇ ಶತಮಾನದ ಫ್ರಾನ್ಸಿನ ಬೋರ್ದಾ, ಅಂಕ ಕೊಟ್ಟು ಕೂಡಿಸುವ ತನ್ನ ಪದ್ಧತಿಯನ್ನು ಜನ ತಿರುಚುತ್ತಾರಲ್ಲ ಎಂದಾಗ, ಅದು ಇರುವುದು ಪ್ರಾಮಾಣಿಕರಿಗೆ ಅಂದನಂತೆ. ನಾನು ಕಂಡಂತೆ ಅಂಕವನ್ನು ತಿರುಚುವವರಲ್ಲಿ ಪ್ರಾಮಾಣಿಕರ ಪಾಲೇ ದೊಡ್ಡದು. ಅನುಮಾನ ಇರುವವನು 35 ಹಾಕುತ್ತಾನೆ. ಧರ್ಮ ತನ್ನ ಕಡೆಗಿದೆ ಎಂದು ತಿಳಿದವನು 20 ಹಾಕುತ್ತಾನೆ. ಶಲಾಕೆ ಹಂಚುವ ಭಿಕ್ಷುವಿಗೂ ಇವರಿಗೂ ಏನು ವ್ಯತ್ಯಾಸ? ಅವನಿಗೆ ಶಾಸ್ತ್ರ ಕೊಟ್ಟ ಅಧಿಕಾರವನ್ನು ಇವರು ತಾವೇ ತೆಗೆದುಕೊಂಡರು.

ಇದಕ್ಕೊಂದು ಮದ್ದಿದೆ. ಫ್ರಾನ್ಸಿಸ್ ಗಾಲ್ಟನ್ 1907ರಲ್ಲಿ ‘ನೇಚರ್’ ಪತ್ರಿಕೆಗೆ ಬರೆದ ಪತ್ರದಲ್ಲಿ, ಪರಿಹಾರದ ಮೊತ್ತ ನಿಗದಿ ಮಾಡುವ ಪಂಚರು ಸರಾಸರಿ ತೆಗೆಯಬಾರದು, ಎಲ್ಲರ ಅಂಕಿಗಳನ್ನು ಸಾಲಾಗಿ ಜೋಡಿಸಿ ನಡುವಿನದನ್ನು ಹಿಡಿಯಬೇಕು ಎಂದ. ಸರಾಸರಿಯಲ್ಲಿ ಹುಚ್ಚು ಅಂಕಿ ಹೇಳಿದವನಿಗೇ ಹೆಚ್ಚು ಬಲ. ನಮ್ಮ ಸ್ಪರ್ಧೆಯಲ್ಲಿ ನಡುವಿನ ಅಂಕ ಹಿಡಿದಿದ್ದರೆ ಹುಡುಗಿಗೆ 38, ಹುಡುಗನಿಗೆ 41. ಮೂರನೆಯವರು 35 ಕೊಡಲಿ, 20 ಕೊಡಲಿ, ಸೊನ್ನೆ ಕೊಡಲಿ, ಆ 41 ಕದಲುವುದಿಲ್ಲ. ಇದರಲ್ಲಿಯೂ ಎಲ್ಲ ಸಂದಿಗಳೂ ಮುಚ್ಚಿಲ್ಲ, ಗಿಬ್ಬಾರ್ಡ್ ಬಿಡುವುದಿಲ್ಲ. ಆದರೂ ಕೂಗಾಟದಿಂದ ಪ್ರಯೋಜನವಿಲ್ಲದ ಹಾಗೆ ಮಾಡುತ್ತದೆ. ಒಂದು ಸಮಿತಿಯಲ್ಲಿ ನಾನೇ ಇದನ್ನು ಸೂಚಿಸಿ ಜಾರಿಗೂ ತರಿಸಿದೆ.

ಜಾರಿಗೆ ಬಂದ ಮೇಲೆ ಅದರ ಬೆಲೆಯೂ ಕಂಡಿತು. ಕೂಗುವವನ ಕೂಗು ಕೇಳದ ನಿಯಮಕ್ಕೆ, ಉಳಿದವರಿಗೆ ಕಾಣದ್ದನ್ನು ಕಂಡವನ ಮಾತೂ ಕೇಳುವುದಿಲ್ಲ. ಆ ಮೂರನೆಯ ತೀರ್ಪುಗಾರರು ಹೇಳಿದ್ದು ನಿಜವಾಗಿದ್ದರೆ? ಹುಡುಗ ಬಾಯಿಪಾಠವನ್ನೇ ಒಪ್ಪಿಸಿದ್ದರೆ? ಖಚಿತತೆ ಬರುವುದು ಒಂದೇ ಮುಖದಿಂದ. ಕಂಡವನದೂ ಅದೇ ಮುಖ, ಹಟಮಾರಿಯದೂ ಅದೇ ಮುಖ. ನಿಯಮಕ್ಕೆ ಮುಖ ನೋಡಿ ಬೇರೆ ಮಾಡಲು ಬರುವುದಿಲ್ಲ, ಅದಕ್ಕೆ ಇಬ್ಬರನ್ನೂ ಒಟ್ಟಿಗೆ ಹೊರಗಿಡುತ್ತದೆ.

ಕ್ಯಾಥೊಲಿಕರು ಖಚಿತತೆಯನ್ನು ಪ್ರಮಾಣವಚನದಿಂದ ಕಟ್ಟಿಹಾಕಲು ನೋಡಿದರು. ಪೋಪರ ಆಯ್ಕೆಗೆ 1179ರಿಂದ ಮೂರನೇ ಎರಡರಷ್ಟು ಮತ ಬೇಕು. 1621ರಿಂದ ಗುಪ್ತ ಚೀಟಿ. ಕೈಬರಹ ಗುರುತು ಸಿಗದ ಹಾಗೆ ಬರೆಯಬೇಕು. ಹೀಗೆ ಬರೆದ ಚೀಟಿಯನ್ನು ಕಾರ್ಡಿನಲ್ ಒಬ್ಬೊಬ್ಬರಾಗಿ ಸಿಸ್ಟೈನ್ ಚಾಪೆಲಿನ ವೇದಿಕೆಗೆ, ಮೈಕೆಲೇಂಜೆಲೊ ಬಿಡಿಸಿದ ಅಂತಿಮ ತೀರ್ಪಿನ ಕೆಳಗೆ ಒಯ್ದು, ದೇವರೆದುರು ಯಾರು ಆಯ್ಕೆಯಾಗಬೇಕು ಎಂದು ತೋರುತ್ತದೋ ಅವರಿಗೇ ಹಾಕುತ್ತಿದ್ದೇನೆ ಎಂದು ಕ್ರಿಸ್ತನನ್ನು ಸಾಕ್ಷಿ ಕರೆಯಬೇಕು. ತಮ್ಮ ದೃಷ್ಟಿಗೆ ಅನುಗುಣವಾಗಿ ಎಂದು ಭಿಕ್ಷುಗಳು ಹೇಳಿದ್ದೇ ಇದು, ಭಯ ಸೇರಿಸಿ. ಆದರೂ ಸುತ್ತು ಸುತ್ತಿಗೂ ಮತಗಳು ಜಾಗ ಬದಲಿಸುತ್ತವೆ. 2025ರಲ್ಲಿ 133 ಕಾರ್ಡಿನಲರು ನಾಲ್ಕನೆಯ ಸುತ್ತಿಗೆ ಹದಿನಾಲ್ಕನೇ ಲಿಯೊರನ್ನು ಆರಿಸಿದರು. ಮೊದಲ ಸಂಜೆ ಬೇರೆಯವರ ಹೆಸರು ಬರೆದವರು ಮರುದಿನ ಇವರ ಹೆಸರು ಬರೆದಾಗ ಸೋದರರಿಂದ ಕಲಿತು ಮನಸ್ಸು ಬದಲಿಸಿದರೋ, ತಮ್ಮವರು ಬರುವುದಿಲ್ಲ ಎಂದು ಲೆಕ್ಕ ಹಾಕಿದರೋ? ವಿನಯಕ್ಕೂ ಲೆಕ್ಕಾಚಾರಕ್ಕೂ ಹೊರಗಿನಿಂದ ಒಂದೇ ರೂಪ. ಒಳಗಿನಿಂದಲೂ ಎಷ್ಟೋ ಸಲ ಒಂದೇ. 1996ರಲ್ಲಿ ಎರಡನೇ ಜಾನ್ ಪಾಲರು, ಮೂವತ್ತಕ್ಕೂ ಹೆಚ್ಚು ಸುತ್ತು ಕಳೆದರೂ ತೀರ್ಮಾನವಾಗದಿದ್ದರೆ ಅರ್ಧಕ್ಕಿಂತ ಹೆಚ್ಚು ಮತ ಸಾಕು ಎಂದು ಕಾರ್ಡಿನಲರೇ ಗೊತ್ತುಮಾಡಿಕೊಳ್ಳಬಹುದು ಎಂದರು. ಅಂದರೆ ಅರ್ಧಕ್ಕೆ ಒಂದು ಹೆಚ್ಚಿರುವ ಗುಂಪು ಯಾರ ಮಾತಿಗೂ ಕಿವಿಗೊಡದೆ ದಿನ ದೂಡಿದರಾಯಿತು. 2007ರಲ್ಲಿ ಹದಿನಾರನೇ ಬೆನೆಡಿಕ್ಟರು ಆ ಬಾಗಿಲು ಮುಚ್ಚಿ ಮೂರನೇ ಎರಡಕ್ಕೇ ಮರಳಿದರು. ಪ್ರಮಾಣ ಮಾಡಿದವರನ್ನೂ ನಿಯಮ ಮಾಡುವವರು ಪೂರ್ತಿ ನಂಬಲಿಲ್ಲ, ಅದೇ ಸರಿ.

ಆತ್ಮಸಾಕ್ಷಿಯನ್ನೇ ದಾಳವಾಗಿ ಉರುಳಿಸಿದ ಚುನಾವಣೆ ನಮ್ಮ ಮನೆಯ ರೇಡಿಯೊದಲ್ಲಿ ಬಂದಿತ್ತು. 1969ರ ಆಗಸ್ಟ್, ರಾಷ್ಟ್ರಪತಿ ಚುನಾವಣೆ. ಜುಲೈನಲ್ಲಿ ಬೆಂಗಳೂರಿನಲ್ಲಿ ಕಾಂಗ್ರೆಸ್ಸಿನ ಅಧಿವೇಶನ ನಡೆದು, ಇಂದಿರಾ ಗಾಂಧಿಯವರಿಗೆ ಇಷ್ಟವಿಲ್ಲದ ನೀಲಂ ಸಂಜೀವ ರೆಡ್ಡಿಯವರು ಪಕ್ಷದ ಅಭ್ಯರ್ಥಿಯಾದರು. ಪಕ್ಷದ ಅಧ್ಯಕ್ಷರು ನಮ್ಮ ಚಿತ್ರದುರ್ಗದ ನಿಜಲಿಂಗಪ್ಪನವರೇ. ಎದುರಿಗೆ ಸ್ವತಂತ್ರರಾಗಿ ವಿ.ವಿ. ಗಿರಿ, ಅವರು ನಾಲ್ಕು ವರ್ಷ ಹಿಂದೆ ಮೈಸೂರಿಗೆ ರಾಜ್ಯಪಾಲರಾಗಿ ಬಂದವರು. ಮೂರನೆಯವರು ಜನಸಂಘ, ಸ್ವತಂತ್ರ ಪಕ್ಷಗಳ ಬೆಂಬಲದ ಸಿ.ಡಿ. ದೇಶಮುಖ್. ಮತಪತ್ರದಲ್ಲಿ 1, 2, 3 ಎಂದು ಪ್ರಾಶಸ್ತ್ಯ ಬರೆಯುವ ಪದ್ಧತಿ. ನಿಜಲಿಂಗಪ್ಪನವರು ಲೆಕ್ಕ ಬಲ್ಲವರು. ದೇಶಮುಖ್ ಕಡೆಯವರ ಎರಡನೇ ಪ್ರಾಶಸ್ತ್ಯ ರೆಡ್ಡಿಯವರಿಗೆ ಬೀಳಲಿ ಎಂದು ಆ ಪಕ್ಷಗಳ ನಾಯಕರನ್ನು ಕೇಳಿಕೊಂಡರು. ಇದರಲ್ಲಿ ಯಾರೂ ಸುಳ್ಳು ಬರೆಯಬೇಕಾಗಿರಲಿಲ್ಲ. ಮೊದಲನೆಯವರು ಹೊರಬಿದ್ದ ಮೇಲಷ್ಟೇ ಎರಡನೆಯದು ಎಣಿಕೆಗೆ ಬರುವುದು. ಇಂದಿರಾ ಬಣ ಅದನ್ನೇ ಹಿಡಿದು, ಕೋಮುವಾದಿಗಳ ಜೊತೆ ಒಳ ಒಪ್ಪಂದ ಎಂದಿತು, ಶಾಸಕರು, ಸಂಸದರು ಆತ್ಮಸಾಕ್ಷಿಯಂತೆ ಮತ ಹಾಕಲಿ ಎಂದಿತು. ಮೊದಲ ಎಣಿಕೆಯಲ್ಲಿ ಗಿರಿಯವರಿಗೆ 4,01,515, ರೆಡ್ಡಿಯವರಿಗೆ 3,13,548, ದೇಶಮುಖರಿಗೆ 1,12,769. ಉಳಿದವರ ಎರಡನೇ ಪ್ರಾಶಸ್ತ್ಯಗಳನ್ನು ಹಂಚಿದಾಗ ರೆಡ್ಡಿ 4,05,427ಕ್ಕೆ ಏರಿದರು, ಗಿರಿ 4,20,077. ಬೇಕಿದ್ದದ್ದು 4,18,169.

ನಮ್ಮಪ್ಪ ನಿಜಲಿಂಗಪ್ಪನವರ ಅಭಿಮಾನಿ. ರೇಡಿಯೊ ಆರಿಸಿ, "ಆತ್ಮಸಾಕ್ಷಿಯನ್ನ ಯಾರಾದ್ರೂ ಹೇಳಿಕೊಟ್ಟು ಎಬ್ಬಿಸ್ತಾರೇನೇ?" ಅಂತ ಅಮ್ಮನನ್ನು ಕೇಳಿದರು. ಅಮ್ಮ, "ಮಲಗಿದ್ರೆ ಎಬ್ಬಿಸ್ಬೇಕಲ್ಲ" ಅಂದಳು. ಇಬ್ಬರ ಮಾತೂ ಸರಿ ಎಂದು ನನಗೆ ಇವತ್ತಿಗೂ ಅನ್ನಿಸುತ್ತದೆ. ನಿಜಲಿಂಗಪ್ಪನವರ ಲೆಕ್ಕ ಬಯಲಿನಲ್ಲಿತ್ತು, ನಿಯಮದ ಒಳಗಿತ್ತು. ಅದಕ್ಕೆ ತಂತ್ರ ಎಂಬ ಹೆಸರು ಬಂತು. ಇಂದಿರಾ ಅವರದು ಅದಕ್ಕಿಂತ ದೊಡ್ಡ ತಂತ್ರ, ಅದಕ್ಕೆ ಆತ್ಮಸಾಕ್ಷಿ ಎಂಬ ಹೆಸರು ಬಂತು. ಆ ಕರೆಗೆ ಓಗೊಟ್ಟವರಲ್ಲಿ ಖಚಿತವಾಗಿ ನಂಬಿದವರೂ ಇದ್ದರು ಎನ್ನುವುದೇ ತೊಡಕು.

ಇನ್ನು ಉಳಿದದ್ದು ಚೀಟಿ. ಗಿಬ್ಬಾರ್ಡನೇ 1977ರಲ್ಲಿ ತೋರಿಸಿದ ಪ್ರಕಾರ, ಎಲ್ಲರೂ ತಮ್ಮ ಆಯ್ಕೆ ಬರೆದು ಹಾಕಿ, ಅದರಲ್ಲಿ ಒಂದನ್ನು ಕಣ್ಣುಮುಚ್ಚಿ ಎತ್ತಿ ಅದನ್ನೇ ತೀರ್ಮಾನ ಎಂದುಕೊಂಡರೆ ಸುಳ್ಳು ಬರೆಯುವುದರಿಂದ ಯಾರಿಗೂ ಲಾಭವಿಲ್ಲ. ಈಜಿಪ್ಟಿನ ಕಾಪ್ಟಿಕ್ ಕ್ರೈಸ್ತರು ಇದರ ಹತ್ತಿರಕ್ಕೆ ಬಂದಿದ್ದಾರೆ. ಮತ ಹಾಕಿ ಮೂವರನ್ನು ಉಳಿಸಿಕೊಂಡು, ಕಣ್ಣಿಗೆ ಬಟ್ಟೆ ಕಟ್ಟಿದ ಹುಡುಗನಿಂದ ಒಂದು ಚೀಟಿ ಎತ್ತಿಸುತ್ತಾರೆ. 2012ರಲ್ಲಿ ಹಾಗೆ ಬಂದ ಎರಡನೇ ತವಾದ್ರೋಸರು ಮತಗಳಲ್ಲಿ ಎರಡನೆಯವರಾಗಿದ್ದರು. ಚೀಟಿಗೆ ಖಚಿತತೆ ಕೇಳಿಸುವುದಿಲ್ಲ, ಯಾರ ಧರ್ಮವೂ ಕಾಣಿಸುವುದಿಲ್ಲ. ದೇವರಿಗೆ ಬಿಟ್ಟಿದ್ದೇವೆ ಎನ್ನುವವರಿಗೆ ಅದು ತೀರ್ಪು; ಹಾಗೆ ನಂಬದ ನನಗೆ, ಸಮುದಾಯ ತೀರ್ಮಾನ ಮಾಡುವುದನ್ನು ಬಿಟ್ಟುಕೊಟ್ಟ ಕ್ಷಣ.

ಊರಿನ ಸಮಿತಿಗಳಿಗೆ ಜನರನ್ನು ಆರಿಸಲು ಈ ಚೀಟಿ ಎತ್ತುವ ಕೆಲಸವನ್ನು ಅತಿ ಎಚ್ಚರದಿಂದ ಮಾಡಿದವರು ಕಾಂಚೀಪುರದ ಹತ್ತಿರದ ಉತ್ತರಮೇರೂರಿನ ಬ್ರಾಹ್ಮಣ ಸಭೆಯವರು. ಒಂದನೇ ಪರಾಂತಕ ಚೋಳನ ಕಾಲದ, 919 ಮತ್ತು 921ರ ಶಾಸನಗಳು ಅಲ್ಲಿನ ವೈಕುಂಠ ಪೆರುಮಾಳ್ ದೇವಸ್ಥಾನದ ಗೋಡೆಯ ಮೇಲಿವೆ. ಮೂವತ್ತು ಕೇರಿ, ಹೆಸರು ಬರೆದ ಓಲೆಗಳ ಕಟ್ಟು ಕೇರಿಗೊಂದು, ಓಲೆ ಹಾಕಲು ಒಂದು ಕೊಡ. ಕೊಡ ಖಾಲಿ ಎಂದು ಸಭೆಗೆಲ್ಲ ಕಾಣುವಂತೆ ಎತ್ತಿ ತೋರಿಸಬೇಕು. ಒಳಗೇನಿದೆ ಎಂದು ತಿಳಿಯದ ಮಗು ಓಲೆ ಎತ್ತಬೇಕು. ಅದನ್ನು ಪಡೆಯುವ ಮಧ್ಯಸ್ಥ ಐದೂ ಬೆರಳು ಬಿಡಿಸಿ ಅಂಗೈ ಚಾಚಿಯೇ ತೆಗೆದುಕೊಳ್ಳಬೇಕು. ಅವನು ಓದಿದ ಮೇಲೆ ಅಲ್ಲಿರುವ ಅರ್ಚಕರೆಲ್ಲ ಓದಬೇಕು. ಬೆರಳು ಬಿಡಿಸಿ ಎಂದು ಕಲ್ಲಿನಲ್ಲಿ ಕೆತ್ತಿಸಬೇಕಾದರೆ ಯಾರೋ ಎಲ್ಲೋ ಮುಷ್ಟಿ ಕಟ್ಟಿ ಓಲೆ ಬದಲಿಸಿರಬೇಕು ಎಂಬುದು ನನ್ನ ಊಹೆ. ಮೊದಲೇ ಸಮಿತಿಯಲ್ಲಿದ್ದು ಲೆಕ್ಕ ಒಪ್ಪಿಸದವನ ಹೆಸರು ಕೊಡಕ್ಕೆ ಬೀಳುವಂತಿಲ್ಲ. ಅವನ ಚಿಕ್ಕಮ್ಮ ದೊಡ್ಡಮ್ಮನ ಮಕ್ಕಳು, ಸೋದರಮಾವ, ಹೆಣ್ಣು ಕೊಟ್ಟ ಮಾವ, ಭಾವಮೈದುನ, ಅಳಿಯ, ಯಾರದೂ ಬೀಳುವಂತಿಲ್ಲ. ಮಗು ಕೊಡಕ್ಕೆ ಕೈ ಹಾಕುವ ಹೊತ್ತಿಗೆ ಮೋಸಕ್ಕೆ ಎಡೆಯೇ ಉಳಿದಿರಲಿಲ್ಲ.

ಹೆಸರು ಕೊಡಕ್ಕೆ ಬೀಳಲು ಇದ್ದ ಅರ್ಹತೆ ಬೇರೆ ಸಾಲಿನಲ್ಲಿದೆ: ಕಂದಾಯ ಕಟ್ಟುವ ಕಾಲು ವೇಲಿಗಿಂತ ಹೆಚ್ಚು ಭೂಮಿ, ಸ್ವಂತ ನಿವೇಶನದಲ್ಲಿ ಕಟ್ಟಿದ ಮನೆ, 35ರಿಂದ 70ರ ಒಳಗಿನ ವಯಸ್ಸು, ವೇದದ ಓದು. ಆ ಭೂಮಿಯನ್ನು ಉಳುತ್ತಿದ್ದವರ ಓಲೆ ಯಾವ ಕೇರಿಯ ಕಟ್ಟಿನಲ್ಲೂ ಇರಲಿಲ್ಲ. ಆ ಸಾಲನ್ನು ಬರೆಸಿದ್ದು ಸಭೆ ಕೂತು, ರಾಜನ ಅಧಿಕಾರಿಯ ಎದುರಿಗೆ. ಅದಕ್ಕೆ ಮಾತ್ರ ಯಾರೂ ಮಗುವಿನಿಂದ ಚೀಟಿ ಎತ್ತಿಸಲಿಲ್ಲ.